ಲೋವೆಲ್ ಕೌಂಟಿಯ ಮೇಲೆ ಬಾಜಿ

ಅಲ್ವೀನಾ ಹಾವೆಲ್ಕಾ ಮೂವತ್ತೊಂದು ವರ್ಷ ಟೆಕ್ಸಸ್‌ನ ನಮ್ಮ ಲೋವೆಲ್ ಕೌಂಟಿಯಲ್ಲಿ ಶಾಲೆಯ ಬಸ್ಸು ಓಡಿಸಿದವರು. ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. ಚರ್ಚಿನ ಅಡುಗೆಮನೆಯಿಂದ ಮಧ್ಯಾಹ್ನದ ಊಟ ಕಟ್ಟಿಸಿಕೊಂಡು ಕೇನ್ ಕ್ರೀಕ್ ರಸ್ತೆಯ ವಯಸ್ಸಾದವರ ಮನೆಗಳಿಗೆ ತಮ್ಮದೇ ಪಿಕಪ್‌ನಲ್ಲಿ ಒಯ್ದು ಕೊಡುತ್ತಿದ್ದರು. ಬೆಳಿಗ್ಗೆ ಆರಕ್ಕೆ ನನ್ನ ಬೇಕರಿ ತೆರೆದರೆ ಮೊದಲ ಗಿರಾಕಿ ಅವರೇ. ಹಾಲಿಲ್ಲದ ಕಾಫಿ, ಗಸಗಸೆ ತುಂಬಿದ ಒಂದು ಕೊಲಾಚಿ ಬನ್ನು.

ಆ ವರ್ಷ ಶಾಸನಸಭೆಗೆ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಒಳ ಚುನಾವಣೆಯಲ್ಲಿ ಅವರ ಅಕ್ಕನ ಮಗ, ಕೌಂಟಿ ಕಮಿಷನರ್ ಕರ್ಟ್ ಮಾರೆಕ್ ನಿಂತಿದ್ದ. ಮಾರ್ಚ್‌ನಲ್ಲಿ ಐವರು ಸ್ಪರ್ಧಿಸಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರಲಿಲ್ಲ. ಹಾಗಾಗಿ ಮೊದಲೆರಡು ಸ್ಥಾನ ಪಡೆದ ಕರ್ಟ್ ಮತ್ತು ದನದ ಡಾಕ್ಟರು ರೊಬರ್ಟಾ ಟಿಲ್ಮನ್ ಮೇ ಕೊನೆಯಲ್ಲಿ ಮತ್ತೊಮ್ಮೆ ಎದುರುಬದುರಾಗಬೇಕಿತ್ತು. ಕ್ಷೇತ್ರದಲ್ಲಿ ಮೂರು ಕೌಂಟಿ. ಲೋವೆಲ್ ಕರ್ಟ್‌ನ ಸ್ವಂತ ನೆಲ.

ಕರ್ಟ್‌ನ ಪ್ರಚಾರ ನೋಡಿಕೊಳ್ಳಲು ಆಸ್ಟಿನ್‌ನಿಂದ ಶಲ್ಲರ್ ಎಂಬವನು ಬಂದಿದ್ದ. ಮತದಾನಕ್ಕೆ ಎರಡು ವಾರ ಇರುವಾಗ ಒಂದು ಬೆಳಿಗ್ಗೆ ಅವನು ಬೇಕರಿಯಲ್ಲಿ ಮಿಸ್ ಅಲ್ವೀನಾ ಮುಂದೆ ಫೋನು ಹಿಡಿದ.

"ನೋಡಿ ಮೇಡಂ, ದೇಶದ ಮೂಲೆಮೂಲೆಯವರು ಇಲ್ಲಿ ಬಾಜಿ ಕಟ್ತಾರೆ. ಲೋವೆಲ್ ಕೌಂಟಿ ಯಾರಿಗೆ ಅಂತ. ಕರ್ಟ್ ಗೆದ್ರೆ ಒಂದು ಡಾಲರ್ ಕೊಡೋ ಚೀಟಿ ಇವತ್ತು ತೊಂಬತ್ತೊಂದು ಸೆಂಟಿಗೆ ಹೋಗ್ತಿದೆ. ಅಂದ್ರೆ ನೂರಕ್ಕೆ ತೊಂಬತ್ತೊಂದು ಪಾಲು ಗೆದ್ದ ಹಾಗೇ."

"ಇದ್ರಲ್ಲಿ ಎಷ್ಟು ಜನ ಕೇನ್ ಕ್ರೀಕ್ ರಸ್ತೇಲಿ ಬಂದು ಹೋಗಿದಾರಪ್ಪ?"

"ಬರೋದೇನೂ ಬೇಕಿಲ್ಲ. ಸ್ವಂತ ದುಡ್ಡು ಹಾಕೋರು ಯೋಚ್ನೆ ಮಾಡೇ ಹಾಕ್ತಾರೆ."

ಮಿಸ್ ಅಲ್ವೀನಾ ಮೇಜಿನ ಮೇಲಿನ ಚೂರುಗಳನ್ನು ಅಂಗೈಗೆ ಬಳಿದುಕೊಂಡರು. "ನಮ್ಮ ಹುಡುಗ ಇಲ್ಲಿ ಸೋಲ್ತಾನೆ. ಇನ್ನೂರು, ಮುನ್ನೂರು ವೋಟಲ್ಲಿ."

ಶಲ್ಲರ್ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಅವರ ಮನೆಯಂಗಳದಲ್ಲಿ ಕರ್ಟ್‌ನ ಹೆಸರಿನ ದೊಡ್ಡ ಬೋರ್ಡಿತ್ತು. ಅದನ್ನು ನೆಡಲು ಗುಂಡಿ ತೋಡಿದವರೂ ಅವರೇ.

ಮಾರನೆಯ ದಿನ ಕರ್ಟ್ ತಾನೇ ಬಂದ.

"ಏನ್ ಚಿಕ್ಕಮ್ಮ, ನಾನು ಸೋಲ್ತೀನಿ ಅಂದ್ಯಂತೆ?"

"ಅಂದೆ. ನಿಂಗೂ ಹೇಳ್ಬೇಕು, ಕೂತ್ಕೋ. ನಾನು ಊಟ ಕೊಡೋಕೆ ಹೋದ ಮನೇಲೆಲ್ಲ ಈಗ ನಿನ್ನ ಹೊಗಳ್ತಾರೆ."

"ಒಳ್ಳೇದಲ್ವಾ?"

"ಮಾರ್ಚಲ್ಲಿ ಇದೇ ಜನ ಬೈತಿದ್ರು. ಫೋನ್ ಎತ್ತಲ್ಲ, ಮೋರಿ ರಿಪೇರಿ ಮಾಡ್ಸಲ್ಲ ಅಂತ. ಬೈದ್ಕೊಂಡೇ ನಿಂಗೆ ಹಾಕಿದ್ರು. ಈಗ ಬಂಗಾರದಂಥ ಹುಡುಗ ಅಂದು ಮಾತು ಬೇರೆ ಕಡೆ ತಿರುಗಿಸ್ತಾರೆ. ನಂಗೆ ಬೇಜಾರಾಗಬಾರ್ದಲ್ಲ, ಅದಕ್ಕೆ." ಕಾಫಿ ಒಂದು ಗುಟುಕು ಕುಡಿದರು. "ಏಪ್ರಿಲಲ್ಲಿ ಕಲ್ಲುಕ್ವಾರಿ ಬಗ್ಗೆ ಸಭೆ ಕರೆದಿದ್ರು, ನೀನು ಬರಲಿಲ್ಲ. ಆ ಡಾಕ್ಟರಮ್ಮ ಬಂದು ಹಿಂದಿನ ಬೆಂಚಲ್ಲಿ ಮೂರು ಗಂಟೆ ಕೂತಿದ್ಲು. ಒಂದು ಮಾತೂ ಆಡಲಿಲ್ಲ, ಬರೀ ಕೇಳಿಸ್ಕೊಂಡ್ಲು."

ಕರ್ಟ್ ಗಡಿಯಾರ ನೋಡಿಕೊಂಡ. "ಲೋವೆಲ್ ಚಿಂತೆ ಬಿಡು, ಉಳಿದೆರಡು ಕೌಂಟಿ ಸುತ್ತು ಅಂತಾನೆ ಶಲ್ಲರ್."

"ಸರಿ, ಸುತ್ತು. ನಾನು ಹೇಳೋದು ಹೇಳಿದೀನಿ."

ಅವನು ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ. "ಮಿಸ್ ಅಲ್ವೀನಾ, ಡಾಕ್ಟರ ಚೀಟಿ ಬರೀ ಒಂಬತ್ತು ಸೆಂಟು. ನೂರು ಡಾಲರ್ ಹಾಕಿದ್ರೆ ಪಿಕಪ್ಪಿಗೆ ಹೊಸ ಟೈರು ಬರುತ್ತಲ್ಲ."

"ಅವ್ರು ನನ್ನ ಅಡುಗೆಮನೇಲಿ ಕೂರಿಸ್ಕೊಂಡು ಮಾತಾಡ್ತಾರೆ ಲೂಮಿರ್. ಅದನ್ನ ಮಾರ್ಕೊಳ್ಳೋದು ನನ್ನ ಕೈಲಾಗಲ್ಲ."

ನಾನು ಅವರ ಮಾತು ನಂಬಿ ಹಿಂದಿನ ದಿನವೇ ಡಾಕ್ಟರ ಮೇಲೆ ಇಪ್ಪತ್ತು ಡಾಲರ್ ಹಾಕಿದ್ದೆ. ಅವರು ಆಚೆ ಹೋದೊಡನೆ ಹಿಟ್ಟಿನ ಕೈ ಒರೆಸಿಕೊಂಡು ಆ ಚೀಟಿಗಳನ್ನು ಬಂದ ಬೆಲೆಗೆ ಮಾರಿದೆ.

ಮತದಾನದ ದಿನ ಮಿಸ್ ಅಲ್ವೀನಾ ಕೇನ್ ಕ್ರೀಕ್ ರಸ್ತೆಯ ನಾಲ್ವರು ಮುದುಕಿಯರನ್ನು ಎರಡು ಸಲಕ್ಕೆ ಪಿಕಪ್‌ನಲ್ಲಿ ಮತಗಟ್ಟೆಗೆ ಕರೆತಂದರು. ಅವರಲ್ಲಿ ಮೂವರ ಮತ ಡಾಕ್ಟರಿಗೆ ಎಂಬುದು ಅವರಿಗೆ ಗೊತ್ತಿತ್ತು. ಒಬ್ಬೊಬ್ಬರನ್ನೂ ಕೈಹಿಡಿದು ಇಳಿಸಿ, ಕೊನೆಗೆ ತಾವು ಒಳಗೆ ಹೋಗಿ ಕರ್ಟ್‌ಗೆ ಹಾಕಿ ಬಂದರು. ಅಷ್ಟು ನೇರವಾದ ಮನುಷ್ಯರನ್ನು ನಾನು ಬೇರೆ ನೋಡಿಲ್ಲ.

ರಾತ್ರಿ ಎಂಟು ಗಂಟೆಗೆಲ್ಲ ಕರ್ಟ್‌ನ ಪ್ರಚಾರ ಕಚೇರಿಗೆ ಲೋವೆಲ್ ಫಲಿತಾಂಶ ಬಂತು. ರೊಬರ್ಟಾಗೆ ಇನ್ನೂರ ನಲವತ್ತಮೂರು ಮತ ಹೆಚ್ಚು. ಹತ್ತೇ ನಿಮಿಷದಲ್ಲಿ ಬಾಜಿಯ ತೊಂಬತ್ತೊಂದು ಸೆಂಟು ಸೊನ್ನೆಗಿಳಿಯಿತು. ಆದರೆ ಉಳಿದೆರಡು ಕೌಂಟಿ ಕೈಬಿಡದ್ದರಿಂದ ಅಭ್ಯರ್ಥಿ ಕರ್ಟೇ ಆದ. ಗೆಲುವು ಗೆಲುವೇ ಎಂದು ಶಲ್ಲರ್ ಎಲ್ಲರ ಕೈಕುಲುಕಿದ. ಕರ್ಟ್ ಮಾತ್ರ ಗೋಡೆಯ ಮೇಲಿನ ಲೋವೆಲ್ ಪಟ್ಟಿಯ ಮುಂದೆಯೇ ನಿಂತಿದ್ದ.

ಸೋಮವಾರ ಬೆಳಿಗ್ಗೆ ಕರ್ಟ್ ಬೇಕರಿಗೆ ಬಂದು ಮಿಸ್ ಅಲ್ವೀನಾ ಎದುರು ಕೂತ.

"ಇವತ್ತು ಊಟ ಕೊಡೋಕೆ ಹೋಗುವಾಗ ನಾನೂ ಬರ್ಲಾ ಚಿಕ್ಕಮ್ಮ?"

"ಬಾ. ಶಲ್ಲರ್ ಬೇಡ, ಫೋಟೊ ತೆಗೆಯೋರೂ ಬೇಡ."

"ಇಲ್ಲ, ನಾನೊಬ್ನೇ."

ಮೂರು ಗಂಟೆಯ ಹೊತ್ತಿಗೆ ಇಬ್ಬರೂ ಹಿಂತಿರುಗಿದರು. ಮಿಸ್ ಅಲ್ವೀನಾ ಖಾಲಿ ಡಬ್ಬಿಗಳನ್ನು ತೊಳೆಯಲು ಚರ್ಚಿನ ಹಿಂಬದಿಗೆ ಹೋದರು. ಕರ್ಟ್ ಬೇಕರಿಗೆ ಬಂದು ಒಂದು ಲೋಟ ನೀರು ಕೇಳಿದ. ಕುಡಿಯದೆ ಕೈಯಲ್ಲೇ ಹಿಡಿದು ನಿಂತ.

"ಆ ಕ್ವಾರಿ ಪಕ್ಕ ಹದಿನೇಳು ಮನೆ ಬಾವಿ ಬತ್ತಿಹೋಗಿದೆ ಲೂಮಿರ್," ಎಂದ. "ಮುಂದಿನ ಸಭೆ ಯಾವತ್ತು ಅಂತ ಗೊತ್ತಾ?"

ಗೊತ್ತಿತ್ತು. ದಿನಾಂಕ ಹೇಳಿದೆ. ಅವನು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡ.