ಹಾಲು ಬಿಟ್ಟ ತಿಂಗಳಿನ ಕಡಲೆಕಾಯಿ ಸಿಹಿ

ಆ ಬೆಳಿಗ್ಗೆ ಬ್ಯೂನಾ ವಿಸ್ಟಾ ಬಡಾವಣೆಯಲ್ಲಿ ಸೂರ್ಯ ಹುಟ್ಟಿದ್ದೇ ಗೊತ್ತಾಗಲಿಲ್ಲ. ತೊಂಬತ್ತೇಳರ ಸೆಪ್ಟೆಂಬರ್, ಸುಮಾತ್ರಾದ ಕಾಡು ಉರಿದ ಹೊಗೆ ಕಡಲು ದಾಟಿ ಬಂದು ಎದುರಿನ ಬ್ಲಾಕನ್ನೇ ನುಂಗಿಬಿಟ್ಟಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿ ಸತ್ಯವತಿ ಖಾಲಿ ಬಾಟಲಿ ತೊಳೆಯುತ್ತಿದ್ದಳು. ನೆನೆದ ಲೇಬಲ್ ಕೈಗಂಟಿತು. ಎಸೆಯುವ ಮುಂಚೆ ಸುಮ್ಮನೆ ಓದಿದಳು: ಸಕ್ಕರೆ, ಜೋಳದ ಪಾಕ, ಮೊಟ್ಟೆಯ ಬಿಳಿ. ಕೈ ಅಲ್ಲೇ ನಿಂತಿತು.

ಬಾಟಲಿ ಕೊಟ್ಟವಳು ಎದುರು ಮನೆಯ ಅಮೆರಿಕದ ರೂತ್. ಅವಳ ಅಜ್ಜಿ ಆಮಿಷ್ ಪಂಗಡದವಳಂತೆ. ಕರೆಂಟು ಬೇಡವೆಂದು ಕುದುರೆಗಾಡಿಯಲ್ಲೇ ಓಡಾಡುವ ದೈವಭಕ್ತ ರೈತರು. ಭಾನುವಾರ ಯಾರದಾದರೂ ಮನೆಯಲ್ಲಿ ಪ್ರಾರ್ಥನೆ ಮುಗಿಸಿ, ಸಾಲಾಗಿ ಕೂತು, ಬ್ರೆಡ್ಡಿಗೆ ಈ ಕಡಲೆಕಾಯಿ ಸಿಹಿ ಹಚ್ಚಿಕೊಂಡು ತಿನ್ನುತ್ತಾರಂತೆ. ನಮ್ಮ ಭಜನೆಯ ಪಂಕ್ತಿಯ ಹಾಗೇ ಇದೆಯಲ್ಲ ಅಂತ ಸತ್ಯವತಿಗೆ ಆಸೆ ಹುಟ್ಟಿತು. ತಾನೇ ಬೀಜ ಹುರಿದು, ಸಿಪ್ಪೆ ಕೇರಿ, ಎಣ್ಣೆ ಬಿಡುವ ತನಕ ಮಿಕ್ಸಿಗೆ ಹಾಕಿ, ಬೆಲ್ಲದ ಪಾಕ ಬೆರೆಸಿ, ಕೊನೆಗೆ ರೂತ್ ಕೊಟ್ಟ ಆ ಬಾಟಲಿಯ ಅಂಟಂಟಾದ ಬಿಳಿ ನೊರೆ ಕಲಸಿದ್ದಳು. ಚಾತುರ್ಮಾಸ್ಯದಲ್ಲಿ ಹಾಲು ಬಿಡುವ ತಿಂಗಳು. ಇದರಲ್ಲಿ ಹಾಲಿದೆಯಾ ಎಂದು ಮೂರು ಸಲ ಕೇಳಿದ್ದಳು. ಮೊಟ್ಟೆಯ ಮಾತು ಇಬ್ಬರಿಗೂ ಹೊಳೆದಿರಲಿಲ್ಲ.

ನಿನ್ನೆ ಸಂಜೆ ಒಂದು ಡಬ್ಬಿ ಪಾಯಾ ಲೆಬಾರ್‌ನ ಶಾಮಲಾ ಆಂಟಿಗೆ ಹೋಗಿತ್ತು. ಹೊರಗೆ ನೀರೂ ಮುಟ್ಟದ ಹಿರಿಯಾಕೆ. ಸತ್ಯವತಿಯ ಕೈಯಡುಗೆಯನ್ನು ಮಾತ್ರ ಎರಡನೇ ಮಾತಿಲ್ಲದೆ ನೈವೇದ್ಯಕ್ಕೆ ಇಡುತ್ತಿದ್ದರು.

ಫೋನ್ ಮಾಡಿದಳು. ಎಂಗೇಜ್. ಪೂಜೆಗೆ ಕೂರುವಾಗ ಆಂಟಿ ರಿಸೀವರ್ ತೆಗೆದಿಡುತ್ತಿದ್ದರು.

ಗಂಡ ಮಧ್ವೇಶ್ ಟೈ ಕಟ್ಟಿಕೊಳ್ಳುತ್ತಾ, "ನೀನು ಹೇಳದಿದ್ರೆ ಯಾರಿಗೆ ಗೊತ್ತಾಗುತ್ತೆ? ಹೇಳಿದ್ರೆ ಮತ್ತೆ ನಿನ್ನ ಕೈಯಿಂದ ತೊಟ್ಟು ನೀರೂ ತಗೊಳ್ಳಲ್ಲ ಅವರು" ಅಂದ.

ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಚಪ್ಪಲಿ ಮೆಟ್ಟಿದಳು.

ಎಂಆರ್‌ಟಿ ರೈಲಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ. ಈಗ ದೀಪ ಹಚ್ಚಿರುತ್ತಾರೆ, ಈಗ ಗಂಟೆ ಬಾರಿಸಿರುತ್ತಾರೆ. ಸ್ಟೇಷನ್ ಬಂದಾಗೆಲ್ಲ ಬಾಗಿಲ ಹತ್ತಿರ ಹೋಗಿ ನಿಂತು, ಮತ್ತೆ ವಾಪಸು ಬರುತ್ತಿದ್ದಳು. ಕೃಷ್ಣನ ಬಾಯಿಗೆ ನಾನೇ ಮೊಟ್ಟೆ ಇಟ್ಟೆನಲ್ಲ.

ಬಾಗಿಲು ತೆಗೆದ ಆಂಟಿ ಮಡಿಸೀರೆಯಲ್ಲೇ ಇದ್ದರು. ಸತ್ಯವತಿ ಹೊಸ್ತಿಲ ಆಚೆಯೇ ನಿಂತು ಲೇಬಲಿನ ಸಂಗತಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ನೈವೇದ್ಯ ಆಗಿಹೋಯ್ತಾ ಆಂಟಿ?"

ಆಂಟಿ ತಲೆ ತಗ್ಗಿಸಿದರು.

"ಇಡಲಿಲ್ಲ ಕಣೇ. ನಿನ್ನೆ ಡಬ್ಬಿ ತೆಗೆದೆ, ಹುರಿದ ಘಮ ಬಂತು. ನಿಂತಲ್ಲೇ ಒಂದು ಚಮಚ ತಿಂದೆ. ಆಮೇಲೆ ಇನ್ನೊಂದು. ಅರವತ್ತೆಂಟು ವರ್ಷಕ್ಕೆ ಅವನಿಗಿಂತ ಮುಂಚೆ ನಾಲಗೆ ಚಾಚಿದ್ದು ಇದೇ ಮೊದಲು. ಎಂಜಲು ಹೇಗೆ ಇಡಲಿ? ಬೆಳಗಿಂದ ದೇವರ ಮುಂದೆ ಕೂತಿದೀನಿ, ಮುಖ ಎತ್ತೋಕೆ ಆಗ್ತಿಲ್ಲ."

ಸತ್ಯವತಿ ಅಲ್ಲೇ ನೆಲದ ಮೇಲೆ ಕೂತಳು. ಆಂಟಿಗೆ ಮೊದಲು ನಗು ಬಂತು, ಆಮೇಲೆ ಕಣ್ಣೀರು.

"ನನ್ನ ಬಾಯಿಚಪಲ ಅವನ ಬಾಯಿ ಕಾಯ್ತು ಅನ್ನು. ಇವತ್ತು ನನಗೆ ಉಪವಾಸ."

ತನಗೂ ಅಂದಳು ಸತ್ಯವತಿ. ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಬೀಜ ಇದೆ, ಬೆಲ್ಲ ಇದೆ. ಹೋಗಿ ಸ್ನಾನ ಮಾಡಿ ಬಾ, ನೀನೇ ಹುರಿ. ನನ್ನ ಕೈಯಲ್ಲಿ ಆ ಘಮ ಬರಲ್ಲ."

ಅವಳು ಹುರಿದಳು, ಆಂಟಿ ಕುಟ್ಟಿದರು. ಈ ಸಲ ಯಾರೂ ಮೂಸಿಯೂ ನೋಡಲಿಲ್ಲ. ಆಂಟಿ ಮೊದಲ ಚಮಚವನ್ನು ಬೆಳ್ಳಿ ಬಟ್ಟಲಿಗೆ ಹಾಕಿ, ಅದರ ಮೇಲೆ ಎರಡನೆಯದನ್ನೂ ಹಾಕಿ, ಕೃಷ್ಣನ ಮುಂದೆ ಸರಿಸಿದರು.