ಓಡಿಸಿದವರು

ಮಹಮ್ಮದ್ ಇಸ್ಮಾಯಿಲ್ ಸಾಬರು ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದು, ಅದರ ಬುಡವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ನೀರಿನಲ್ಲಿ ಮುಳುಗಿದ ಗಾಡಿಯಾದರೆ ಎಷ್ಟೇ ತೊಳೆದರೂ ಅಲ್ಲೊಂದು ಕೆಸರಿನ ಗೆರೆ ಉಳಿದಿರುತ್ತದೆ. ಇಲ್ಲಿ ಗೆರೆಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಸಾಬರ ಹುಬ್ಬು ಇನ್ನಷ್ಟು ಗಂಟಿಕ್ಕಿತು.

"ಏನ್ ಸಾಬ್ರೆ, ಬೆಲ್ಟನ್ನೂ ಮೂಸಿ ನೋಡ್ತೀರಾ?" ಮಾರಲು ನಿಂತಿದ್ದ ಮೋಹನ್‌ಕುಮಾರ ನಕ್ಕ. "ಮೂರು ಲೀಟರ್ ಡೀಸೆಲ್ ಇಂಜಿನ್ ಕಣ್ರೀ ಇದು, ಆರು ಸಿಲಿಂಡರ್. ಏಳು ಸೆಕೆಂಡಲ್ಲಿ ನೂರು ಮುಟ್ಟುತ್ತೆ. ಏಳು ಸೀಟಿಗೂ ಲೆದರ್ರು, ತಲೆ ಮೇಲೆ ಪೂರ್ತಿ ಗಾಜು. ಬಟನ್ ಒತ್ತಿದ್ರೆ ಗಾಡಿಗೆ ಗಾಡಿನೇ ಮೇಲಕ್ಕೇಳುತ್ತೆ."

"ಏಳೋದು ಆಮೇಲೆ ನೋಡಣ. ರಾತ್ರಿಯೆಲ್ಲಾ ನಿಂತ್ರೆ ಗಾಳಿ ಸೋರಿ ಒಂದು ಕಡೆ ಕುಸಿಯುತ್ತೋ ಇಲ್ವೋ, ಅದು ಹೇಳಿ."

ಮೋಹನ್‌ಕುಮಾರ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಕಡೆ ತಿರುಗಿದ. "ಇಲ್ಲ. ಒಂದು ದಿನಾನೂ ಕುಸಿದಿಲ್ಲ," ಎಂದಳು ಸರ್ವಮಂಗಳ, ಅಲ್ಲಿಂದಲೇ.

ತುಮಕೂರಿನ ಸತ್ಯಮಂಗಲದಲ್ಲಿ ಸಾಬರಿಗೆ ಮೂವತ್ತು ವರ್ಷದ ಗ್ಯಾರೇಜಿದೆ. ಆದರೆ ಅವರ ಹೆಸರು ಓಡಾಡುತ್ತಿದ್ದುದು ರಿಪೇರಿಯಿಂದಲ್ಲ, ಅನುಮಾನದಿಂದ. ಹಳೇ ಗಾಡಿ ಕೊಳ್ಳುವವರು ಮೊದಲು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರು ಬೇಡ ಎಂದರೆ ಬೇಡ. ಇವತ್ತು ಕುಣಿಗಲ್‌ವರೆಗೆ ಕರೆತಂದವರು ಗುಬ್ಬಿಯ ಚನ್ನಬಸವಯ್ಯ. ಮಗಳಿಗೆ ಸಂಬಂಧ ಕೂಡಿಬಂದಿತ್ತು, ಬೀಗರ ಮನೆಯವರು ದೊಡ್ಡ ಗಾಡಿಯಲ್ಲಿ ಬಂದಿಳಿದಿದ್ದರು. ಅವತ್ತಿನಿಂದ ಚನ್ನಬಸವಯ್ಯನವರಿಗೆ ತಮ್ಮ ಸಣ್ಣ ಕಾರಿನ ಬಾಗಿಲು ತೆಗೆಯುವುದಕ್ಕೇ ನಾಚಿಕೆ.

"ಬಜಾರಿಗಿಂತ ಇಷ್ಟು ಕಮ್ಮಿಗೆ ಯಾಕೆ ಕೊಡ್ತಾವ್ರೆ ಸಾಬ್ರೆ?" ದಾರಿಯುದ್ದಕ್ಕೂ ಅವರು ಇದನ್ನೇ ಕೇಳಿದ್ದರು.

"ಅದನ್ನ ನೋಡೋಕ್ಕೇ ಹೋಗ್ತಿರೋದಲ್ವಾ."

ಸಾಬರು ಬಾನೆಟ್ ಎತ್ತಿ ಬೋಲ್ಟುಗಳ ತಲೆಯನ್ನು ಒಂದೊಂದಾಗಿ ಟಾರ್ಚ್ ಹಾಕಿ ನೋಡಿದರು. ಸ್ಪ್ಯಾನರ್ ಮುಟ್ಟಿದ ಗುರುತಿಲ್ಲ. ಕಾರ್ಪೆಟ್ ಎತ್ತಿದರು, ತುಕ್ಕಿಲ್ಲ. ಸರ್ವಿಸ್ ಪುಸ್ತಕ ತೆರೆದರು, ಒಂದು ಸರ್ವಿಸೂ ತಪ್ಪಿಲ್ಲ. ಪ್ರತಿ ಪುಟದ ಕೊನೆಗೂ ಒಂದೇ ದುಂಡನೆಯ ರುಜು: ಸರ್ವಮಂಗಳ ಎಲ್. ಗಾಡಿಯ ಕಾಗದದಲ್ಲೂ ಅದೇ ಹೆಸರು.

"ಗಾಡಿ ಯಾರು ಓಡಿಸ್ತಿದ್ರು?"

"ನಮ್ಮಣ್ಣ ಲಕ್ಷ್ಮೀಕಾಂತ್. ರೋಡ್ ಕಂಟ್ರಾಕ್ಟ್ ಮಾಡ್ತಿದ್ರು. ತೀರಿಕೊಂಡು ವರ್ಷ ಆಯ್ತು," ಮೋಹನ್‌ಕುಮಾರ ತಡಮಾಡದೆ ಹೇಳಿದ. "ಅವರೊಬ್ರೇ ಓಡಿಸ್ತಿದ್ದಿದ್ದು. ಅಲ್ವಾ ಅತ್ತಿಗೆ?"

"ಹ್ಞೂಂ. ಅವರೇ," ಎಂದಳು ಅವಳು, ಹೊಸಿಲನ್ನು ನೋಡುತ್ತ.

ನಡುಮನೆಯ ಗೋಡೆಯ ಮೇಲೆ ಹಾರ ಹಾಕಿದ ಲಕ್ಷ್ಮೀಕಾಂತನ ಫೋಟೊ ಬಾಗಿಲಿನಿಂದಲೇ ಕಾಣುತ್ತಿತ್ತು. ಅದರ ಪಕ್ಕದ ಮದುವೆ ಫೋಟೊದಲ್ಲಿ ಹೆಂಡತಿ ಆತನ ಭುಜಕ್ಕೂ ಬರುತ್ತಿರಲಿಲ್ಲ. ಆರಡಿಗೆ ಕಮ್ಮಿಯಿಲ್ಲದ ಆಳು. ಸಾಬರು ಡ್ರೈವರ್ ಸೀಟಿನಲ್ಲಿ ಕೂತು, ಬಾಗಿಲಿನಲ್ಲಿದ್ದ ಒಂದನೇ ನಂಬರಿನ ಬಟನ್ ಒತ್ತಿದರು. ಓಡಿಸುವವರ ಅಳತೆಯನ್ನು ನೆನಪಿಟ್ಟುಕೊಳ್ಳುವ ಸೀಟದು. ಗುಂಯ್ ಎಂದು ಸದ್ದು ಮಾಡುತ್ತ ಮುಂದೆ ಮುಂದೆ ಸರಿಯಿತು, ಮೇಲಕ್ಕೇರಿತು; ಸಾಬರ ಮಂಡಿ ಸ್ಟೇರಿಂಗಿಗೆ ಒತ್ತಿಕೊಂಡಿತು. ಕನ್ನಡಿಗಳು ತಮ್ಮಷ್ಟಕ್ಕೆ ತಾವೇ ಕೆಳಕ್ಕೆ ಬಾಗಿದವು. ಆರಡಿಯ ಆಳು ಇಲ್ಲಿ ಕೂರುವುದಿರಲಿ, ಕಾಲು ತೂರಿಸಲೂ ಆಗುತ್ತಿರಲಿಲ್ಲ. ಎರಡನೇ ಬಟನ್ ಒತ್ತಿದರು. ಅದರಲ್ಲಿ ಏನೂ ಇರಲಿಲ್ಲ.

ಸಾಬರು ಮೆಲ್ಲಗೆ ಇಳಿದು ಚನ್ನಬಸವಯ್ಯನವರನ್ನು ಪಕ್ಕಕ್ಕೆ ಕರೆದರು. "ಯಜಮಾನ್ರೆ, ಇವರು ಸುಳ್ಳು ಹೇಳ್ತಾ ಇದಾರೆ."

"ಆಕ್ಸಿಡೆಂಟ್ ಗಾಡಿನಾ?"

"ಅದೇ ಗೊತ್ತಾಗ್ತಿಲ್ಲ. ಓಡಿಸಿ ನೋಡ್ತೀನಿ."

ಮೋಹನ್‌ಕುಮಾರನೂ ಸೇರಿ ಮೂವರೂ ಹತ್ತಿದರು. ಕೆರೆ ಏರಿ ದಾಟಿ ತುಮಕೂರು ರಸ್ತೆಗೆ ಬಿದ್ದ ಮೇಲೆ ಸಾಬರು ಆಕ್ಸಿಲರೇಟರ್ ಅದುಮಿದರು. ಎರಡು ಟನ್ನು ಮೀರಿದ ಗಾಡಿ ಒಂದಿಷ್ಟೂ ಏದುಸಿರು ಬಿಡದೆ ಮುಂದಕ್ಕೆ ಹಾರಿತು. ಚನ್ನಬಸವಯ್ಯನವರ ಬೆನ್ನು ಸೀಟಿಗೆ ಅಂಟಿತು. ಸ್ಟೇರಿಂಗಿನಿಂದ ಕೈ ಬಿಟ್ಟು ಬ್ರೇಕ್ ಹಾಕಿದರೆ ಗೆರೆ ಎಳೆದ ಹಾಗೆ ನೇರ ನಿಂತಿತು. ರಸ್ತೆಯ ಹಂಪಿನ ಮೇಲೆ ಬೇಕೆಂದೇ ಜೋರಾಗಿ ಹತ್ತಿಸಿದರು, ಒಳಗೆ ಒಂದು ಕಿಟಿಕಿಟಿಯಿಲ್ಲ. ಅವರ ಮೂವತ್ತು ವರ್ಷದಲ್ಲಿ ಇಷ್ಟು ಸುಳಿವು ಬಿಡದ ಗಾಡಿಯನ್ನು ಅವರು ನೋಡಿರಲಿಲ್ಲ. ತಪ್ಪು ಸಿಗದ ಕಡೆ ತಪ್ಪು ದೊಡ್ಡದೇ ಇರಬೇಕು ಅನ್ನಿಸಿತು.

ವಾಪಸ್ ಬಂದ ಮೇಲೆ ಮೋಹನ್‌ಕುಮಾರ ಚನ್ನಬಸವಯ್ಯನವರನ್ನು ಕಾಫಿಗೆಂದು ಒಳಗೆ ಕರೆದುಕೊಂಡು ಹೋದ. ಸಾಬರು ಬರಲಿಲ್ಲ. ಗಾಡಿಯ ಸುತ್ತ ಇನ್ನೊಂದು ಸುತ್ತು ಬಂದರು. ಅವರ ಪಾಲಿನ ಕಾಫಿ ಹಿಡಿದು ಸರ್ವಮಂಗಳ ಹೊರಗೆ ಬಂದಳು. ಲೋಟ ಕೊಟ್ಟವಳು ಸೆರಗಿನ ತುದಿಯಿಂದ ಬಾನೆಟ್ಟಿನ ಮೇಲೆ ಬಿದ್ದಿದ್ದ ಹಕ್ಕಿಯ ಹಿಕ್ಕೆಯನ್ನು ಒರೆಸಿದಳು. ತಾನು ಒರೆಸುತ್ತಿದ್ದೇನೆಂಬುದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

ಸಾಬರು ಅವಳ ಕೈಯನ್ನೇ ನೋಡಿದರು.

"ಅಮ್ಮಾ, ಈ ಗಾಡಿ ಓಡಿಸ್ತಿದ್ದಿದ್ದು ನೀವೇ ಅಲ್ವಾ?"

ಅವಳು ಒಳಬಾಗಿಲ ಕಡೆ ಒಮ್ಮೆ ನೋಡಿದಳು. "ಶುಗರ್ರಿಂದ ಅವರಿಗೆ ಕಣ್ಣು ಮಂಜಾಗಿತ್ತು. ಡ್ರೈವರ್ ಇಟ್ಕೊಂಡ್ರೆ ವಿಷಯ ಊರಿಗೆಲ್ಲಾ ಗೊತ್ತಾಗುತ್ತೆ, ಕೆಲಸ ಕೊಡಲ್ಲ ಅಂತ ನಂಗೇ ಕಲಿಸಿದ್ರು. ಆರು ವರ್ಷ ಸೈಟಿಂದ ಸೈಟಿಗೆ ನಾನೇ. ಪಕ್ಕದಲ್ಲಿ ಕೂತು ರೋಡು ಹೆಂಗಿದೆ ಅಂತ ಕೇಳೋರು. ನಾನು ಹೇಳ್ತಾ ಹೋಗ್ತಿದ್ದೆ."

"ಮತ್ತೆ ಯಾಕೆ ಸುಳ್ಳು?"

"ಬೇಗ ಹೋಗ್ಲಿ ಅಂತ ಈಗ್ಲೇ ಕಮ್ಮಿ ರೇಟ್ ಹೇಳಿದಾನೆ, ಹೆಂಗಸು ಓಡಿಸಿದ ಗಾಡಿ ಅಂದ್ರೆ ಅದೂ ಬರಲ್ಲ ಅಂತಾನೆ ಮೋಹನ."

"ಮಾರೋಕೆ ನಿಮಗೆ ಇಷ್ಟ ಇದೆಯಾ?"

"ವರ್ಷದಿಂದ ದಿನಾ ಒಂದೇ ಮಾತು. ಒಬ್ಬಳೇ ಹೆಂಗಸಿಗೆ ಇಂಥಾ ಗಾಡಿ ಯಾಕೆ ಅಂತ. ಕೇಳಿ ಕೇಳಿ ಸಾಕಾಗಿ ಹ್ಞೂಂ ಅಂದ್ಬಿಟ್ಟೆ."

ಸಾಬರು ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರು. ದನಿ ತಗ್ಗಿಸಿ ಹೇಳಿದರು: "ಇಂಜಿನ್ ಸರಿ ಇಲ್ಲ ಅಂತ ನಾನೊಂದು ಮಾತು ಅಂದ್ರೆ ಸಾಕು. ಅವರು ಕೊಳ್ಳಲ್ಲ. ಇನ್ಯಾರೂ ಬರಲ್ಲ."

ಗಾಡಿಯ ಬಗ್ಗೆ ಅವರು ಇವತ್ತಿನವರೆಗೆ ಸುಳ್ಳಾಡಿದವರಲ್ಲ.

ಸರ್ವಮಂಗಳಳ ಮುಖ ಕೆಂಪಾಯಿತು. "ಬ್ಯಾಡಿ. ಈ ಗಾಡೀಲಿ ಏನೂ ತಪ್ಪಿಲ್ಲ. ಹೋದ್ರೂ ಹೋಗ್ಲಿ, ಅದಕ್ಕೆ ಕೆಟ್ಟ ಹೆಸರು ಹಚ್ಚಬ್ಯಾಡಿ."

ಅಷ್ಟರಲ್ಲಿ ಒಳಗಿನವರಿಬ್ಬರೂ ಹೊರಗೆ ಬಂದರು. ಚನ್ನಬಸವಯ್ಯನವರು ಆಗಲೇ ಗಾಡಿಯನ್ನು ತಮ್ಮದೆಂಬಂತೆ ನೋಡುತ್ತಿದ್ದರು. "ಏನಂತೀರಾ ಸಾಬ್ರೆ?"

ಸಾಬರು ಖಾಲಿ ಲೋಟವನ್ನು ಜಗಲಿಯ ಮೇಲಿಟ್ಟರು.

"ಗಾಡಿ ಚಿನ್ನ ಇದ್ದಂಗೈತೆ ಯಜಮಾನ್ರೆ. ಇಷ್ಟು ಚೆನ್ನಾಗಿ ಇಟ್ಕೊಂಡಿರೋ ಗಾಡಿ ನಾನು ನೋಡಿಲ್ಲ."

ಮೋಹನ್‌ಕುಮಾರ ಕೈ ಉಜ್ಜಿಕೊಂಡ.

"ಆದ್ರೆ ಓಡಿಸಿದ್ದು ಇವರಣ್ಣ ಅಲ್ಲ, ಈಯಮ್ಮ. ಕಾಗದಾನೂ ಇವರ ಹೆಸರಲ್ಲೇ ಇದೆ. ಮಾರ್ತೀರಾ ಅಂತ ಇವರನ್ನ ಯಾರೂ ಕೇಳಿಲ್ಲ. ನೀವೇ ಒಂದ್ಸಲ ಕೇಳ್ಬಿಡಿ."

"ರೀ, ಗಾಡಿ ನೋಡೋಕೆ ಕರೆದ್ರೆ ಮನೆ ವಿಷಯಕ್ಕೆ ಕೈ ಹಾಕ್ತೀರಾ?" ಮೋಹನ್‌ಕುಮಾರನ ದನಿ ಏರಿತು. "ಅತ್ತಿಗೆ, ಹೇಳಿ ಇವರಿಗೆ."

ಚನ್ನಬಸವಯ್ಯನವರು ಒಮ್ಮೆ ಸಾಬರನ್ನು, ಒಮ್ಮೆ ಅವಳನ್ನು ನೋಡಿದರು. ಅವರಿಗೆ ಸಿಟ್ಟು ಬಂದಿತ್ತು, ಆದರೂ ಕೇಳಿದರು. "ಮಾರ್ತೀಯೇನಮ್ಮ?"

ಸರ್ವಮಂಗಳ ಬಾನೆಟ್ಟಿನ ಮೇಲೆ ಕೈ ಇಟ್ಟಳು. ಪಕ್ಕದ ಮನೆಯ ಕುಕ್ಕರ್ ಎರಡು ಸಲ ಕೂಗಿತು.

"ಇಲ್ಲ," ಎಂದಳು. ಆಮೇಲೆ ಮೈದುನನ ಕಡೆ ತಿರುಗಿ, ಇನ್ನೊಮ್ಮೆ ಗಟ್ಟಿಯಾಗಿ, "ಇಲ್ಲ ಕಣೋ ಮೋಹನ."

ಮೋಹನ್‌ಕುಮಾರನ ಸ್ವಂತ ಕಾರು ಕಾಂಪೌಂಡಿನೊಳಗಿತ್ತು, ದೊಡ್ಡ ಗಾಡಿ ಗೇಟಿಗೆ ಅಡ್ಡ ನಿಂತಿತ್ತು. "ಹಂಗಾದ್ರೆ ತೆಗೀರಿ ಇದನ್ನ. ನಾನು ಹೋಗ್ಬೇಕು," ಎಂದ, ಬೇರೆಡೆ ನೋಡುತ್ತ.

ಚನ್ನಬಸವಯ್ಯನವರು ಮುಖ್ಯರಸ್ತೆಯಲ್ಲಿ ನಿಲ್ಲಿಸಿದ್ದ ತಮ್ಮ ಸಣ್ಣ ಕಾರಿನ ಕಡೆ ನಡೆದುಬಿಟ್ಟರು. "ಮುಂದಿನ ಸಲ ಬರೀ ಗಾಡಿ ನೋಡಿ ಸಾಬ್ರೆ," ಎಂದು ಹಿಂದಕ್ಕೆ ನೋಡದೆ ಹೇಳಿದರು.

ಸರ್ವಮಂಗಳ ಗಾಡಿ ಹತ್ತಿದಳು. ಓಣಿಯ ಒಂದು ಬದಿಗೆ ತೆರೆದ ಚರಂಡಿ, ಇನ್ನೊಂದು ಬದಿಗೆ ರಂಗೋಲಿ ಬಿಟ್ಟ ಮೆಟ್ಟಿಲುಗಳು. ಮುಖ್ಯರಸ್ತೆಯವರೆಗೂ ಹಿಂದಕ್ಕೇ ಹೋಗಬೇಕು. ಸಾಬರು ರೂಢಿಯಂತೆ ಗಾಡಿಯ ಹಿಂದಕ್ಕೆ ಓಡಿ ಕೈ ಎತ್ತಿದರು.

"ಬರ್ಲಿ, ಬರ್ಲಿ... ಸ್ವಲ್ಪ ಲೆಫ್ಟ್‌ಗೆ..."

ಗಾಡಿ ಆಗಲೇ ಎಡಕ್ಕೆ ಸರಿದಾಗಿತ್ತು. ಚರಂಡಿಯ ಅಂಚಿಗೆ ಗೇಣು ಬಿಟ್ಟು, ಮೆಟ್ಟಿಲುಗಳಿಗೆ ಗೇಣು ಬಿಟ್ಟು, ಎಲ್ಲೂ ತಡವರಿಸದೆ ಒಂದೇ ನಡಿಗೆಯಲ್ಲಿ ಅವರನ್ನು ದಾಟಿ ಹಿಂದಕ್ಕೆ ಹೋಗುತ್ತಿತ್ತು. ಸಾಬರು ಒಂದು ಮೆಟ್ಟಿಲು ಹತ್ತಿ ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟರು. ಎತ್ತಿದ್ದ ಕೈ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಇಳಿಸಿದರು.