ಡಿಕ್ಕಿಯಲ್ಲಿ ಇರಬೇಕಾದದ್ದು

ಮೆಕ್ಯಾನಿಕ್ ಉಸ್ತಾ ಮಿತ್ವಲ್ಲಿ ತನ್ನ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ರೊಟ್ಟಿಯ ತುಂಡಿನಿಂದ ಫೂಲ್ ಬಳಿದು ತಿನ್ನುತ್ತಿದ್ದ. ಬೇಯಿಸಿದ ಕಾಳಿನ ಆ ಗೊಜ್ಜಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅನ್ನುವುದು ಅವನ ನಾಲಿಗೆಗೆ ತಿಳಿಯದೆ ನಲವತ್ತೆರಡು ದಿನ ಆಗಿತ್ತು. ಹೊಟ್ಟೆ ಕೇಳುತ್ತದೆ ಎಂದು ತಿನ್ನುತ್ತಿದ್ದ, ಅಷ್ಟೆ.

ಆಗ ಕಾಲುವೆ ದಂಡೆಯ ರಸ್ತೆಯಲ್ಲಿ ಫರ್ಗಲಿಯ ಪಿಕಪ್ಪು ಬಂತು. ಅದರ ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಬಹ್ಗತ್ ಮೇಷ್ಟರ ಹಳದಿ ಕಾರು. ಕಾರಿನ ಸ್ಟೀರಿಂಗ್ ಹಿಡಿದು ಕೂತಿದ್ದವಳು ಮೇಷ್ಟರ ಹೆಂಡತಿ ಇನ್ಶಿರಾಹ್, ಮೈತುಂಬ ಕಪ್ಪು ಬಟ್ಟೆ. ಮೇಷ್ಟರು ಹೋಗಿ ನಲವತ್ತೆರಡು ದಿನ. ಮೊನ್ನೆಯಷ್ಟೇ ನಲವತ್ತರ ಕುರಾನ್ ಓದು ಮುಗಿದಿತ್ತು, ಸಕ್ಕರೆ ಹಾಕದ ಕಾಫಿಯ ಲೋಟಗಳನ್ನು ತೊಳೆದು ಕಪಾಟಿಗೆ ಸೇರಿಸಿದ್ದರು. ಇನ್ನು ಸತ್ತವರ ಸಾಮಾನುಗಳತ್ತ ಕೈ ಹಾಕಬಹುದು.

ಈ ಕಾರು ಒಂದಲ್ಲ ಒಂದು ದಿನ ಬಂದೇ ಬರುತ್ತದೆ ಎಂದು ಮಿತ್ವಲ್ಲಿಗೆ ಗೊತ್ತಿತ್ತು. ಬಂದಾಗ ಎದೆ ಧಸಕ್ಕೆನ್ನುತ್ತದೆ ಅಂದುಕೊಂಡಿದ್ದ. ಏನೂ ಆಗಲಿಲ್ಲ. ಕೈ ಒರೆಸಿಕೊಂಡು ಎದ್ದ.

ಪಿಕಪ್ಪಿನಿಂದ ಇಳಿದ ಫರ್ಗಲಿ ಮೇಷ್ಟರ ತಮ್ಮ. ಕೋಳಿ ಆಹಾರದ ವ್ಯಾಪಾರಿ, ಕೋಳಿಗಳಿಗಿಂತ ಹೆಚ್ಚು ಸದ್ದು ಮಾಡುವ ಮನುಷ್ಯ.

"ತಗೋ ಉಸ್ತಾ, ನಿನ್ನ ಕೂಸು! ನೀನು ಹಾಕಿದ ಹೊಸಾ ಜಾಯಿಂಟು ಮೂರೇ ತಿಂಗಳಿಗೆ ಪುಡಿಪುಡಿ. ನಿನ್ನ ತಪ್ಪು ಅಂತ ಯಾರಾದ್ರೂ ಅಂದ್ರೆ ನಾಲಿಗೆ ಕಿತ್ತಾಕ್ತೀನಿ. ಹೆಂಗಸಿನ ಕೈಗೆ ಸ್ಟೀರಿಂಗ್ ಕೊಟ್ಟ ನಮ್ಮಣ್ಣಂದು ತಪ್ಪು."

ಇನ್ಶಿರಾಹ್ ಕಾರಿನಿಂದ ಇಳಿದಳು. ಮೈದುನನ ಮಾತು ಕಿವಿಗೆ ಬೀಳಲೇ ಇಲ್ಲವೆಂಬಂತೆ ಹಿಂದಿನ ಸೀಟಿನಿಂದ ಎರಡು ಉದ್ದನೆಯ ಡಬ್ಬಿ ಎತ್ತಿ ಮಿತ್ವಲ್ಲಿಯ ಮೇಜಿನ ಮೇಲೆ ಇಟ್ಟಳು.

"ಎರಡೂ ಕಡೆಯ ಆಕ್ಸಲ್ಲು, ಜಾಯಿಂಟ್ ಸಮೇತ. ಅಳಿಯ ಕೈರೋದಿಂದ ತಂದ. ಡಬ್ಬಿ ಒಡೆದಿಲ್ಲ, ನೋಡ್ಕೊಳ್ಳಿ ಉಸ್ತಾ."

"ನಾನೇ ತರ್ತಿದ್ನಲ್ಲ ಅತ್ತಿಗೆ."

"ಇರ್ಲಿ."

ಮಿತ್ವಲ್ಲಿ ಅವಳ ಮುಖ ನೋಡಲಿಲ್ಲ. ಕುಂಬಳಕಾಯಿ ಕಳ್ಳನಿಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಚಟವಾದರೂ ಇರುತ್ತದೆ. ಇವನ ಕೈ ಸುಮ್ಮನೆ ನೇತಾಡುತ್ತಿತ್ತು.

ನಡೆದದ್ದು ಇಷ್ಟು. ವಸಂತದಲ್ಲಿ, ಈದ್‌ಗೆ ಮೂರು ದಿನ ಇದೆ ಅನ್ನುವಾಗ ಬಹ್ಗತ್ ಮೇಷ್ಟರು ಕಾರು ತಂದಿದ್ದರು. ತಿರುವಿನಲ್ಲಿ ಮುಂದಿನ ಚಕ್ರಗಳಿಂದ ಟಕ್ ಟಕ್ ಟಕ್ ಎಂಬ ಸದ್ದು. "ಎರಡೂ ಕಡೆ ಹೊಸದು ಹಾಕ್ಬಿಡು ಕಣೋ, ಈ ವಯಸ್ಸಲ್ಲಿ ನನ್ನ ಮೊಣಕಾಲಿನ ಸದ್ದೇ ಸಾಕು" ಅಂದಿದ್ದರು. ಮಿತ್ವಲ್ಲಿಯ ಅಂಗಳದಲ್ಲಿ ಅಂದು ಹತ್ತು ಕಾರು. ಬಿಡಿಭಾಗಗಳ ಅಂಗಡಿಯಲ್ಲಿ ಒಳ್ಳೆಯ ಜಾಯಿಂಟು ಇರಲಿಲ್ಲ, ಇದ್ದವೆಲ್ಲ ಕಳಪೆ ನಕಲು. ಮಿತ್ವಲ್ಲಿ ಹಳೆಯ ಯುಕ್ತಿ ಮಾಡಿದ. ಆಕ್ಸಲ್ಲನ್ನು ಚಕ್ರಕ್ಕೆ ಸೇರಿಸುವ ಜಾಯಿಂಟಿನೊಳಗೆ ಆರು ಉಕ್ಕಿನ ಗುಂಡುಗಳು ತೋಡುಗಳಲ್ಲಿ ಓಡುತ್ತವೆ. ಕಾರು ಯಾವಾಗಲೂ ಮುಂದಕ್ಕೇ ಹೋಗುವುದರಿಂದ ತೋಡಿನ ಒಂದೇ ಮಗ್ಗುಲು ಸವೆಯುತ್ತದೆ. ಎಡಗಡೆಯ ಜಾಯಿಂಟನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಿಬಿಟ್ಟರೆ ಸವೆಯದ ಮಗ್ಗುಲು ಕೆಲಸಕ್ಕೆ ಬೀಳುತ್ತದೆ, ಸದ್ದು ನಿಲ್ಲುತ್ತದೆ. ಎಷ್ಟು ದಿನಕ್ಕೆ ಎಂದು ಕೇಳಿದರೆ ದೇವರೇ ಬಲ್ಲ. ಬಡ ಟ್ಯಾಕ್ಸಿಯವರಿಗೆ ಊರಿನ ಎಲ್ಲ ಉಸ್ತಾಗಳೂ ಇದನ್ನು ಮಾಡಿಕೊಡುತ್ತಾರೆ, ಆದರೆ ಹೇಳಿ ಮಾಡುತ್ತಾರೆ.

ಅವನೂ ಹೇಳಬೇಕೆಂದೇ ಇದ್ದ. ಸಂಜೆ ಕಾಫಿ ಅಂಗಡಿಯಲ್ಲಿ ಸಿಕ್ಕಾಗ ಹೇಳೋಣ, ಹಬ್ಬ ಕಳೆದ ಮೇಲೆ ಒಳ್ಳೆ ಮಾಲು ತರಿಸಿ ಹಾಕೋಣ ಎಂದುಕೊಂಡಿದ್ದ. ಆದರೆ ಅಂದು ಮೇಷ್ಟರು ಬರಲಿಲ್ಲ. ಮರುದಿನ ಬಂದವರು ಬಾಗಿಲಲ್ಲೇ ಕೈ ಚಾಚಿದರು. "ಕೇಳ್ರಪ್ಪಾ! ನಮ್ಮ ಮಿತ್ವಲ್ಲಿ ಎರಡೂ ಜಾಯಿಂಟು ಹೊಸದು ಹಾಕಿದ. ಕಾರು ಮದುವೆ ಹೆಣ್ಣಿನ ಹಾಗೆ ಸದ್ದಿಲ್ದೆ ನಡೀತಿದೆ. ಸಾಮಾನಿನ ದುಡ್ಡೂ ಇನ್ನೂ ಕೇಳಿಲ್ಲ, ಪುಣ್ಯಾತ್ಮ!" ಎಂದು ಅಂಗಡಿಗೆಲ್ಲ ಕೇಳುವಂತೆ ಕೂಗಿ ಅವನ ತಲೆಗೆ ಮುತ್ತು ಕೊಟ್ಟರು. ಹತ್ತು ಜನ ಹೌದೌದು ಅಂದರು. ಮಿತ್ವಲ್ಲಿ ಚಹಾದ ಲೋಟ ಬಾಯಿಗೆ ಹಿಡಿದ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಅವನದು ಆಡದೆ ಹೋಯಿತು.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಮೇಷ್ಟರಿಗೆ ಎದೆ ಹಿಂಡಿತು. ಇನ್ಶಿರಾಹ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕಾರು ಓಡಿಸಿದಳು. ಸೇತುವೆಯ ತಿರುವಿನಲ್ಲಿ ದೊಡ್ಡದೊಂದು ಟಕ್. ಎಂಜಿನ್ ಕೂಗುತ್ತಿದೆ, ಚಕ್ರ ತಿರುಗುತ್ತಿಲ್ಲ. ಟುಕ್‌ಟುಕ್ಕೊಂದನ್ನು ಹಿಡಿದು ಗಂಡನನ್ನು ಅದಕ್ಕೆ ಹತ್ತಿಸುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಮೇಷ್ಟರ ಜೀವ ಹೋಗಿತ್ತು. ಹತ್ತು ನಿಮಿಷ ಮುಂಚೆ ಬಂದಿದ್ದರೆ ಎಂದು ಯಾರೋ ಅಂದರಂತೆ.

ಹೊಸ ಜಾಯಿಂಟು ಮೂರು ತಿಂಗಳಿಗೆ ಒಡೆಯುವುದಿಲ್ಲ, ಅದು ಊರಿಗೇ ಗೊತ್ತು. ಹಾಗಾದರೆ ಒಡೆದವಳು ಅವಳೇ. ಗಾಬರಿಯಾಗಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ತುಳಿದಳು, ಮುರಿದಳು, ಗಂಡನನ್ನು ತಿಂದುಕೊಂಡಳು. ಹೀಗೆ ಶುರು ಮಾಡಿದವನು ಫರ್ಗಲಿ, ನಂಬಿದವಳು ಮೇಷ್ಟರ ತಾಯಿ. ಒಂದೇ ಮನೆಯ ಮೂರು ಅಂತಸ್ತಿನಲ್ಲಿ ಅವರೆಲ್ಲರ ವಾಸ. ಮೂವತ್ತು ವರ್ಷ ಸೊಸೆಯ ಕೈಯಲ್ಲೇ ಉಂಡ ಮುದುಕಿ ಈಗ ಅವಳು ಕೊಟ್ಟ ನೀರನ್ನೂ ಮುಟ್ಟುತ್ತಿಲ್ಲವೆಂದು ಮಿತ್ವಲ್ಲಿ ಕೇಳಿದ್ದ. ಕೇಳಿಯೂ ಸುಮ್ಮನಿದ್ದ. ಒಂದು ಮಾತು ಸಾಕಿತ್ತು, ಅದು ಇವನ ಹತ್ತಿರ ಮಾತ್ರ ಇತ್ತು. ಬೆಳಿಗ್ಗೆ ಎದ್ದಾಗ ಹೇಳಬೇಕು ಅನ್ನಿಸುತ್ತಿತ್ತು. ಮುಖ ತೊಳೆಯುವಷ್ಟರಲ್ಲಿ ಎಲ್ಲ ಜೋಮು ಹಿಡಿದು ಹೋಗುತ್ತಿತ್ತು.

"ಅತ್ತಿಗೆ, ಒಳಗೆ ಕೂತು ಬ್ರೇಕ್ ಒತ್ತಬೇಕು" ಅಂದ. ಚಕ್ರ ನೆಲದ ಮೇಲಿದ್ದಾಗಲೇ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಬೇಕು, ಅದಕ್ಕೆ ಒಳಗೊಬ್ಬರು, ಹೊರಗೊಬ್ಬರು. ಇಷ್ಟು ವರ್ಷ ಒಳಗೆ ಕೂತು ಒತ್ತುತ್ತಿದ್ದವರು ಮೇಷ್ಟರೇ. ಒತ್ತಿಕೊಂಡೇ ವ್ಯಾಕರಣದ ಪಾಠ ಹೇಳುತ್ತಿದ್ದರು.

ಅವಳು ಕೂತಳು. ಒತ್ತಿದಳು. ಅವನು ಪಾನಾಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿ ಮೈಭಾರ ಬಿಟ್ಟ. ನಟ್ಟು ಕಿರ್ರೆಂದು ಸಡಿಲವಾಯಿತು.

"ನಿಧಾನ ಅತ್ತಿಗೆ, ಆ ಪೆಡಲನ್ನೂ ಮುರೀಬೇಡಿ" ಎಂದು ಫರ್ಗಲಿ ಸ್ಟೂಲಿನ ಮೇಲಿಂದ ನಕ್ಕ.

ಮಿತ್ವಲ್ಲಿ ಜಾಕಿ ಕೊಟ್ಟ, ಚಕ್ರ ಬಿಚ್ಚಿದ, ಗೇರ್‌ಬಾಕ್ಸಿನ ಎಣ್ಣೆ ಇಳಿಸಿದ. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಎಡಗಡೆಯ ಆಕ್ಸಲನ್ನು ಎಳೆದಾಗ ಹರಿದ ರಬ್ಬರಿನಿಂದ ಕರಿ ಗ್ರೀಸಿನ ಜೊತೆ ಉಕ್ಕಿನ ಗುಂಡೊಂದು ನೆಲಕ್ಕೆ ಬಿದ್ದು ಉರುಳಿತು, ಫರ್ಗಲಿಯ ಬೂಟಿಗೆ ತಾಗಿ ನಿಂತಿತು.

"ನೋಡಿದ್ರಾ? ಗುಂಡು ಹಿಡಿಯೋ ಉಂಗುರಾನೇ ಒಡೆದೋಗಿದೆ. ಹೊಸಾ ಮಾಲು ಹೀಗಾಗ್ಬೇಕಾದ್ರೆ ಎಂಥಾ ತುಳಿತ ತುಳಿದಿರ್ಬೇಕು! ಇದನ್ನ ಮನೆಗೆ ಒಯ್ದು ಅಮ್ಮಂಗೆ ತೋರಿಸ್ತೀನಿ. ಉಸ್ತಾ, ನೀನೇ ಹೇಳು, ನೀನು ಹಾಕಿದ್ದು ಗಟ್ಟಿ ಮಾಲು ತಾನೆ?"

ಮಿತ್ವಲ್ಲಿ ಬಟ್ಟೆಯಿಂದ ಜಾಯಿಂಟಿನ ಗ್ರೀಸು ಒರೆಸಿದ. ಉಕ್ಕಿನ ಮೇಲೆ ಚಾಣದಿಂದ ಹೊಡೆದ ಎರಡು ಚುಕ್ಕಿ ಕಂಡವು. ಯಾವುದೇ ಜಾಯಿಂಟು ಬಿಚ್ಚುವ ಮೊದಲು ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಎರಡು ಚುಕ್ಕಿ ಹೊಡೆಯುವುದು ಅವನ ನಲವತ್ತು ವರ್ಷದ ಅಭ್ಯಾಸ. ಎಡಗಡೆಯಿಂದ ಬಂದ ಜಾಯಿಂಟಿನ ಮೇಲೆ ಎರಡು ಚುಕ್ಕಿ. ಮತ್ತೆ ಗ್ರೀಸು ಸವರಿದರೆ ಅವು ಮುಚ್ಚಿಹೋಗುತ್ತವೆ, ಹಳೆಯ ಸಾಮಾನಿನ ರಾಶಿಗೆ ಎಸೆದರೆ ಯಾರೂ ಕೇಳುವುದಿಲ್ಲ. ಅವನ ಬೆರಳಿನ ಮೇಲೆ ಗ್ರೀಸೂ ಇತ್ತು.

ಕಾರಿನ ಒಳಗಿಂದ ಇನ್ಶಿರಾಹ್ ಅವನನ್ನೇ ನೋಡುತ್ತಿದ್ದಳು. ಕೋಪವಿಲ್ಲ, ಬೇಡಿಕೆಯಿಲ್ಲ. ಬಸ್ಸಿಗೆ ಕಾಯುವವರು ರಸ್ತೆ ನೋಡುವ ಹಾಗೆ.

"ಹೊಸದಲ್ಲ" ಅಂದ ಮಿತ್ವಲ್ಲಿ.

"ಏನು?"

"ನಾನು ಹೊಸದು ಹಾಕ್ಲಿಲ್ಲ ಫರ್ಗಲಿ. ಹಳೇದನ್ನೇ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಮಾಡ್ದೆ. ಇಲ್ನೋಡು, ಎರಡು ಚುಕ್ಕಿ. ಬಲಗಡೇದು ಇದು. ಆ ಕಡೆ ಬಿಚ್ಚಿದ್ರೆ ಒಂದು ಚುಕ್ಕಿ ಇರುತ್ತೆ. ನಾನೇ ಹೊಡೆದಿದ್ದು."

"ತಮಾಷೆ ಮಾಡ್ತಿದ್ದೀಯಾ?"

"ಅತ್ತಿಗೆ ಏನೂ ಮುರೀಲಿಲ್ಲ. ಯಾರು ಓಡಿಸಿದ್ರೂ ಅವತ್ತು ಇದು ಒಡೀತಿತ್ತು. ನೀನು ಓಡಿಸಿದ್ರೂ, ನಾನು ಓಡಿಸಿದ್ರೂ."

ಬಲಗಡೆಯದನ್ನೂ ಬಿಚ್ಚಿ ತೋರಿಸಿದ. ಒಂದು ಚುಕ್ಕಿ. ಫರ್ಗಲಿ ಅದರ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ನೋಡಿದ. ಹೊಡೆಯುತ್ತಾನೆ ಅಂದುಕೊಂಡ ಮಿತ್ವಲ್ಲಿ. ಹೊಡೆದಿದ್ದರೆ ಒಳ್ಳೆಯದಿತ್ತು. ಆದರೆ ಫರ್ಗಲಿ ಜಾಯಿಂಟನ್ನು ಮೇಜಿನ ಮೇಲೆ ಇಟ್ಟ.

"ನಲವತ್ತು ದಿನ" ಎಂದ ಫರ್ಗಲಿ ಕೊನೆಗೆ. "ನಮ್ಮಮ್ಮ ಈಕೆ ಕೈ ನೀರು ಮುಟ್ಲಿಲ್ಲ. ನೀನು ನಮ್ಮನೇಲಿ ಕೂತು ಕಾಫಿ ಕುಡಿದೆ."

"ಹೌದು."

"ಫರ್ಗಲಿ" ಎಂದಳು ಇನ್ಶಿರಾಹ್, ಕಾರಿನಿಂದಲೇ. "ಮನೆಗೆ ಹೋಗಿ ಅತ್ತೆಗೆ ಹೇಳು. ನಾನು ಬರೋದ್ರೊಳಗೆ."

ಫರ್ಗಲಿ ಅತ್ತಿಗೆಯ ಕಡೆ ತಿರುಗಿದ. ತಲೆ ತಗ್ಗಿಸಿಕೊಂಡು ಪಿಕಪ್ಪು ಹತ್ತಿದ. ಕಾರಿನಿಂದ ಬಿಚ್ಚಿದ್ದ ಹಗ್ಗವನ್ನು ಪಿಕಪ್ಪಿನಿಂದ ಬಿಚ್ಚುವುದನ್ನು ಮರೆತಿದ್ದ, ಅದು ಧೂಳಿನಲ್ಲಿ ಎಳೆದುಕೊಂಡು ಹಿಂದೆಯೇ ಹೋಯಿತು.

ಆಮೇಲೆ ಒಂದೂವರೆ ತಾಸಿನ ಕೆಲಸ. ಅವನು ಹೊಸ ಆಕ್ಸಲ್ಲುಗಳನ್ನು ಡಬ್ಬಿಯಿಂದ ತೆಗೆದು ಒಳತುದಿಯನ್ನು ಗೇರ್‌ಬಾಕ್ಸಿಗೆ ಕೂರಿಸಿದ, ಹೊರತುದಿಯನ್ನು ಚಕ್ರದ ನಡುವಿನ ಗುಂಬಕ್ಕೆ ತೂರಿಸಿದ, ರಬ್ಬರಿನ ಪಟ್ಟಿ ಬಿಗಿದ, ಎಣ್ಣೆ ತುಂಬಿಸಿದ. ಕಾರು ಕೆಳಗಿಳಿಸಿ ಎಡಚಕ್ರದ ಬಳಿ ಮಂಡಿಯೂರಿದ.

"ಒತ್ತಿ."

ಒತ್ತಿದಳು. ಒತ್ತಿಕೊಂಡೇ, ಕಿಟಕಿಯಿಂದ ಹೊರಗೆ ನೋಡದೆ, ಸ್ಟೀರಿಂಗಿಗೆ ಹೇಳುವಂತೆ ಹೇಳಿದಳು.

"ಅವರಿಗೆ ಗೊತ್ತಿತ್ತು ಉಸ್ತಾ."

ಪಾನಾ ನಿಂತಿತು.

"ಕಾರು ತಂದ ಸಂಜೇನೇ ಡಿಕ್ಕಿ ತೆಗೆದು ನೋಡಿದ್ರು. ಸಾಮಾನು ಬದಲಾಯಿಸಿದ್ರೆ ಹಳೇದನ್ನ ಪೇಪರಲ್ಲಿ ಸುತ್ತಿ ಡಿಕ್ಕೀಲಿ ಇಡೋದು ನಿಮ್ಮ ಪದ್ಧತಿ ಅಲ್ವಾ? ಇಪ್ಪತ್ತು ವರ್ಷದಿಂದ ಒಂದ್ಸಲಾನೂ ತಪ್ಪಿಲ್ಲ. ಅವತ್ತು ಡಿಕ್ಕಿ ಖಾಲಿ. ನಗ್ತಾ ಒಳಗೆ ಬಂದ್ರು. 'ಮಿತ್ವಲ್ಲಿ ಬದಲಾಯಿಸಿಲ್ಲ ಕಣೇ, ಏನೋ ಕೈ ಕಟ್ಟಿದೆ ಅವಂದು' ಅಂದ್ರು. ಬೇರೆ ಗ್ಯಾರೇಜಿಗೆ ಒಯ್ಯಿರಿ ಅಂದೆ. 'ಊರೆಲ್ಲ ಗೊತ್ತಾಗುತ್ತೆ, ಅವನ ಮರ್ಯಾದೆ ಏನಾಗ್ಬೇಕು' ಅಂದ್ರು. ಮಾರನೇ ದಿನ ಕಾಫಿ ಅಂಗಡೀಲಿ ಬೇಕಂತಾನೇ ಹೊಗಳಿದ್ದು. ಅಷ್ಟು ಹೊಗಳಿದ್ರೆ ನಾಚಿಕೊಂಡು ತಾನಾಗೇ ಹೇಳ್ತಾನೆ ಅಂತ."

ಮಿತ್ವಲ್ಲಿ ಕೊಳವೆಯನ್ನು ಹಿಡಿದೇ ಇದ್ದ.

"ನಾನು ಯಾರಿಗೂ ಹೇಳ್ಬಾರ್ದು ಅಂತ ಆಣೆ ತಗೊಂಡಿದ್ರು. ಹೇಳಿದ್ರೂ ಯಾರು ನಂಬ್ತಿದ್ರು, ಗಂಡನ್ನ ತಿಂದ್ಕೊಂಡೋಳ ಮಾತು? ದಿನಾ ಸಂಜೆ ನಿಮ್ಮ ಜೊತೆ ಕೂತು ಬರೋರು. ಹೇಳಿದ್ನಾ ಅಂತ ಕೇಳ್ತಿದ್ದೆ. 'ಇವತ್ತೂ ಇಲ್ಲ ಕಣೇ, ನಾಳೆ ಹೇಳ್ತಾನೆ' ಅನ್ನೋರು. ಸೇತುವೆ ಮೇಲೆ ಕಾರು ನಿಂತಾಗಲೂ ನನ್ನ ಕೈ ಹಿಡ್ಕೊಂಡು 'ಅವನನ್ನ ಬೈಬೇಡ' ಅಂದ್ರು."

ಕಾಲುವೆಯ ಕಡೆಯಿಂದ ಮಧ್ಯಾಹ್ನದ ಪ್ರಾರ್ಥನೆಯ ಕರೆ ಕೇಳಿತು. ಮಿತ್ವಲ್ಲಿಗೆ ಅಳಬೇಕೆನಿಸಿತು, ಅಳು ಬರಲಿಲ್ಲ. ತನ್ನ ಕೈ, ತನ್ನ ಮಂಡಿ, ಎಲ್ಲ ಯಾರದೋ ಎಂಬಂತಿತ್ತು.

"ಕಾಲು ತೆಗೀಲಾ ಉಸ್ತಾ?" ಎಂದು ಅವಳು ಕೇಳಿದಳು. ಎಷ್ಟು ಹೊತ್ತಿನಿಂದ ಒತ್ತಿಕೊಂಡೇ ಇದ್ದಳೋ.

"ಇನ್ನೊಂಚೂರು."

ಮೈಯ ಭಾರವನ್ನೆಲ್ಲ ಹಾಕಿ ನಟ್ಟು ಬಿಗಿದ. ಬಲಗಡೆಯದನ್ನೂ ಬಿಗಿದ. ಸಡಿಲವಾಗದಂತೆ ನಟ್ಟಿನ ಅಂಚನ್ನು ಚಾಣದಿಂದ ಹೊಡೆದು ಮಡಿಸಿದ. ಅವಳು ಎಂಜಿನ್ ಶುರುಮಾಡಿ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಅಂಗಳದಲ್ಲಿ ಒಂದು ಸುತ್ತು, ಪೂರ್ತಿ ಬಲಕ್ಕೆ ತಿರುಗಿಸಿ ಇನ್ನೊಂದು ಸುತ್ತು ಹಾಕಿದಳು. ಎಲ್ಲೂ ಸದ್ದಿಲ್ಲ.

ಮಿತ್ವಲ್ಲಿ ಹಳೆಯ ಎರಡೂ ಜಾಯಿಂಟುಗಳನ್ನು, ನೆಲಕ್ಕೆ ಬಿದ್ದ ಗುಂಡಿನ ಸಮೇತ, ಪೇಪರಿನಲ್ಲಿ ಸುತ್ತಿದ. ಕಾರಿನ ಹಿಂದೆ ಹೋಗಿ ಡಿಕ್ಕಿಗೆ ಕೈ ಹಾಕಿದ.

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಬೇಡ ಉಸ್ತಾ. ಈ ಸಲದ್ದು ನಿಮ್ಮ ಹತ್ರಾನೇ ಇರ್ಲಿ."

ಹಳದಿ ಕಾರು ಸದ್ದಿಲ್ಲದೆ ಕಾಲುವೆ ರಸ್ತೆಗೆ ತಿರುಗಿತು. ಮಿತ್ವಲ್ಲಿ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಪೇಪರಿನಿಂದ ಗ್ರೀಸು ಒಸರಿ ಬೆರಳಿಗೆ ತಾಗಿತು. ತಣ್ಣಗಿತ್ತು. ಎಷ್ಟೋ ದಿನದ ಮೇಲೆ ಅವನ ಮೈಗೆ ಏನೋ ಒಂದು ಗೊತ್ತಾಯಿತು.